ಗಾಡಿಯ ದೀಪವನ್ನು ಶಾಂತಮಾಡುವುದು

(ಚಿನ್ನಾಳಪಟ್ಟಿಯ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಜನರಿಗೆ ಉಪಯೋಗವಾಗುವ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ನಮಗೆ ಅಪ್ಪಣೆ ಮಾಡಿದ್ದಾರೆ. ಇಂತಹ ವೇದಿಕೆಗಳಿಂದ ಸಾಹಿತ್ಯ, ಧರ್ಮ, ನಾಡುನುಡಿಗಳ ವಿಚಾರಗಳನ್ನು ಕೇಳುವುದು ತಮಗೆಲ್ಲ ವಾಡಿಕೆ. ನಾವು ಆರಿಸಿಕೊಂಡಿರುವುದಾದರೋ ಬಹು ಚಿಕ್ಕ ವಿಷಯ. ಕಾರಿನಲ್ಲಿ ವೇಗ ತೋರಿಸುವ ಮುಳ್ಳಿನ ಬಳಿಯಲ್ಲಿ, ಸರ್ವೀಸಿನ ಕಾಲ ಬಂದಿತೆಂದು ತಿಳಿಸಲು ಒಂದು ಪುಟ್ಟ ದೀಪವು ಹೊತ್ತಿಕೊಳ್ಳುತ್ತದೆ. ಅದನ್ನು ಮನೆಯಲ್ಲಿಯೇ ಆರಿಸಬಹುದೇ? ಆರಿಸಬಹುದಾದರೆ ಯಾವಾಗ, ಹೇಗೆ? ಇಷ್ಟೇ ನಮ್ಮ ವಿಷಯ. ಚಿಕ್ಕದೆಂದು ತಾವು ಇದನ್ನು ಉಪೇಕ್ಷಿಸಬಾರದು. ಈ ದೀಪದ ಹಿಂದೆ ಹಣದ ಪ್ರಶ್ನೆಯಿದೆ, ಪ್ರಾಣದ ಪ್ರಶ್ನೆಯೂ ಇದೆ.

ನಮ್ಮ ಮನೆಗಳ ಹಿರಿಯ ಹೆಂಗಸರು ‘ದೀಪ ಆರಿಸು’ ಎಂಬ ಮಾತನ್ನು ಬಾಯಲ್ಲಿ ಆಡಗೊಡುವುದಿಲ್ಲ. ‘ದೀಪ ಶಾಂತಮಾಡು’ ಎನ್ನುತ್ತಾರೆ. ಕೆಲವೆಡೆ ‘ದೀಪ ದೊಡ್ಡದು ಮಾಡು’ ಎಂದು ವಿಪರೀತವಾಗಿ ಹೇಳುವುದೂ ಉಂಟು. ಹೊತ್ತಿಸಿದ ಉದ್ದೇಶವು ನೆರವೇರಿದ ಮೇಲೆ ದೀಪವು ತಾನಾಗಿ ಶಾಂತವಾಗಬೇಕೇ ಹೊರತು ಅದನ್ನು ನಾವು ಊದಿ ಕೆಡಿಸಬಾರದೆಂಬ ಭಾವನೆ ಆ ಮಾತಿನಲ್ಲಿದೆ. ಗಾಡಿಯ ದೀಪದ ವಿಷಯದಲ್ಲಿ ನಾವು ಹೇಳಬೇಕಾದುದೂ ಇದೇ. ಅದನ್ನು ಆರಿಸುವುದು ಒಂದು ಕೆಲಸ, ಶಾಂತಮಾಡುವುದು ಇನ್ನೊಂದು ಕೆಲಸ.

ಚಿನ್ನಾಳಪಟ್ಟಿಯು ಮಗ್ಗದ ಊರು. ಇಲ್ಲಿಯ ಸುಂಗುಡಿ ಸೀರೆಯ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ಇಲ್ಲ. ಮನೆಯೊಳಗೆ ಕನ್ನಡವನ್ನೂ ಅಂಗಡಿ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಾಳಿದ ನೇಕಾರ ಕುಟುಂಬಗಳಲ್ಲಿ ಹಿಂದೆ ಮನೆಗೊಂದು ಮಗ್ಗವಿದ್ದಂತೆ ಈಗ ಎಷ್ಟೋ ಮನೆಗಳಲ್ಲಿ ಗಾಡಿಯೊಂದಿದೆ. ಬಟ್ಟೆಯ ಮೂಟೆಗಳನ್ನು ದಿಂಡಿಗಲ್ಲಿಗೂ ಮಧುರೆಗೂ ಸಾಗಿಸುವ ಸಣ್ಣ ವ್ಯಾನುಗಳಿವೆ. ಮದುವೆ, ಜಾತ್ರೆ, ಆಸ್ಪತ್ರೆಗಳಿಗೆ ಬಾಡಿಗೆಗೆ ಹೋಗುವ ಕಾರುಗಳಿವೆ. ಪಶ್ಚಿಮಕ್ಕೆ ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಬಾಳೆಗಳನ್ನು ಬೆಳೆಯುವ ಕನ್ನಡದ ಬೇಸಾಯಗಾರರ ಮನೆಗಳಲ್ಲಿಯೂ ಹಾಗೆಯೇ. ಮಗ್ಗದ ಒಂದೊಂದು ಕೀಲನ್ನೂ ತಾವೇ ಬಿಚ್ಚಿ ಜೋಡಿಸಬಲ್ಲ ಜನಕ್ಕೆ ಗಾಡಿಯ ಒಂದು ದೀಪದ ಮರ್ಮವು ತಿಳಿಯದಿರಬೇಕಾದ ಕಾರಣವಿಲ್ಲ.

ಮೊದಲು ಆ ದೀಪವು ಏನೆಂಬುದನ್ನು ವಿಚಾರಿಸೋಣ. ೧೯೫೮ರಿಂದ ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಡರ್ ಕಾರನ್ನು ಇಲ್ಲಿರುವ ಹಿರಿಯರು ಚೆನ್ನಾಗಿ ಬಲ್ಲರು. ಆ ಕಾಲದ ಗಾಡಿಗಳಲ್ಲಿ ಸರ್ವೀಸಿನ ದೀಪವೆಂಬುದು ಇರಲಿಲ್ಲ. ಎಷ್ಟು ದೂರ ಓಡಿದ ಮೇಲೆ ಎಂಜಿನ್ ಎಣ್ಣೆಯನ್ನು ಬದಲಿಸಬೇಕು, ಯಾವ ಯಾವ ಕೀಲಿಗೆ ಗ್ರೀಸು ತುಂಬಬೇಕು ಎಂಬುದನ್ನು ಚಾಲಕನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದನು. ಇಲ್ಲವೇ ಷೆಡ್ಡಿನವರು ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಅಂಚಿಗೆ ಅಂಟಿಸುತ್ತಿದ್ದರು. ಈಗಿನ ದೀಪವು ಆ ಚೀಟಿಯ ಮೊಮ್ಮಗ. ಗಾಡಿಯೊಳಗಿನ ಎಣಿಕೆಯ ಯಂತ್ರವೊಂದು ಕಳೆದ ಸಲ ಸೊನ್ನೆ ಮಾಡಿದಂದಿನಿಂದ ಓಡಿದ ಕಿಲೋಮೀಟರುಗಳನ್ನೂ ಕಳೆದ ದಿನಗಳನ್ನೂ ಲೆಕ್ಕ ಹಾಕುತ್ತದೆ. ನಮ್ಮಲ್ಲಿಯ ಹಲವು ಪೆಟ್ರೋಲ್ ಕಾರುಗಳಿಗೆ ೧೦,೦೦೦ ಕಿಲೋಮೀಟರು ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದು, ಸರ್ವೀಸಿನ ಗಡುವಾಗಿರುತ್ತದೆ. ಗಡುವು ಸಮೀಪಿಸಿದಾಗ ದೀಪವು ಹೊತ್ತಿಕೊಳ್ಳುತ್ತದೆ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿ ಒಂದಿದೆ. ಬಹುಪಾಲು ಗಾಡಿಗಳಲ್ಲಿ ಈ ದೀಪಕ್ಕೆ ಕಣ್ಣಿಲ್ಲ. ಎಣ್ಣೆಯು ಕಪ್ಪಾಗಿದೆಯೋ ತಿಳಿಯಾಗಿದೆಯೋ, ಗಾಳಿ ಸೋಸುವ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೋ ಇಲ್ಲವೋ, ಅದಕ್ಕೆ ಗೊತ್ತಾಗದು. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯವರು ಎಂಜಿನ್ನಿನ ಸುತ್ತುಗಳನ್ನೂ ಶಾಖವನ್ನೂ ಲೆಕ್ಕ ಹಿಡಿದು ಎಣ್ಣೆಯ ಆಯುಸ್ಸನ್ನು ಅಂದಾಜು ಮಾಡುವ ಏರ್ಪಾಡನ್ನು ಬಳಕೆಗೆ ತಂದರು. ಅಂತಹ ಏರ್ಪಾಡು ಕೂಡ ಅಂದಾಜೇ. ಎಣ್ಣೆಯನ್ನು ಮುಟ್ಟಿ ನೋಡಿದ್ದಲ್ಲ. ಆದುದರಿಂದ ದೀಪವನ್ನು ಸೊನ್ನೆಗೆ ತಂದೊಡನೆ ಹಳೆಯ ಎಣ್ಣೆಯು ಹೊಸದಾಯಿತೆಂದು ಗಾಡಿಯು ನಂಬುತ್ತದೆ. ನಾವು ಹೇಳಿದುದನ್ನು ಅದು ಪರೀಕ್ಷಿಸಲಾರದು.

ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೀರೆಯು ಎಲ್ಲಿಗೆ ಮುಗಿಯಬೇಕೆಂಬುದಕ್ಕೆ ಹಾಸಿನ ಮೇಲೆ ಬಣ್ಣದ ಗುರುತು ಮಾಡಿರುತ್ತದೆ. ಆ ಗುರುತನ್ನು ಒಂದು ಮೊಳ ಆಚೆಗೆ ಸರಿಸಿದ ಮಾತ್ರಕ್ಕೆ ಹಾಸು ಒಂದು ಮೊಳ ಬೆಳೆಯುವುದಿಲ್ಲ. ಆ ಸೀರೆಗೆ ಸೇರಿಸಿದ ಮೊಳವು ಮುಂದಿನ ಸೀರೆಯಲ್ಲಿ ಕಡಿಮೆಯಾಗುತ್ತದೆ. ವರ್ತಕ ಬಂಧುಗಳಿಗೆ ಇನ್ನೊಂದು ಹೋಲಿಕೆ ಸಾಕು. ಹಣ ಬಾರದೆ ಖಾತೆಯಲ್ಲಿ ಬಾಕಿಯನ್ನು ಹೊಡೆದುಹಾಕಿದರೆ ಪುಸ್ತಕವು ಶುದ್ಧವಾಗಿ ಕಾಣುತ್ತದೆ, ಪೆಟ್ಟಿಗೆಯು ಬರಿದಾಗಿಯೇ ಇರುತ್ತದೆ. ಮೊದಲು ವಸೂಲಿ, ಆಮೇಲೆ ಕಿರ್ದಿಯಲ್ಲಿ ಬರಹ, ಕೊನೆಗೆ ಖಾತೆಯ ಚುಕ್ತಾ—ಇದು ಅಂಗಡಿಯ ಕ್ರಮ. ಗಾಡಿಯ ಕ್ರಮವೂ ಇದೇ: ಮೊದಲು ಕೆಲಸ, ಆಮೇಲೆ ಬರಹ, ಕೊನೆಗೆ ದೀಪ.

ದೀಪಗಳು ಒಂದೇ ಬಗೆಯವಲ್ಲ ಎಂಬುದನ್ನೂ ತಿಳಿದಿರಬೇಕು. ಸ್ಪ್ಯಾನರಿನ ಚಿತ್ರವೋ ‘ಸರ್ವೀಸ್’ ಎಂಬ ಬರಹವೋ ಕಂಡರೆ ಸಾಮಾನ್ಯವಾಗಿ ಅದು ಗಡುವನ್ನು ನೆನಪಿಸುವ ದೀಪ. ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪವು ಬೇರೆ. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡವು ಇಳಿದಿದೆಯೆಂದು ಅದರ ಅರ್ಥ. ಗಾಡಿ ಓಡುತ್ತಿರುವಾಗ ಅದು ಹೊತ್ತಿಕೊಂಡರೆ ಒಡನೆಯೇ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ನನ್ನು ನಿಲ್ಲಿಸಬೇಕು. ‘ಇನ್ನೆರಡು ಮೈಲಿ, ಮನೆಗೆ ಮುಟ್ಟೋಣ’ ಎಂದರೆ ಎಂಜಿನ್ನೇ ಹೋಗಬಹುದು. ಎಂಜಿನ್ನಿನ ಆಕಾರದ ಹಳದಿ ದೀಪವು ಹೊಗೆ ಮತ್ತು ದಹನಕ್ಕೆ ಸಂಬಂಧಿಸಿದ ದೋಷವನ್ನು ಸಾರುತ್ತದೆ. ಆ ದೋಷದ ಗುರುತು ಗಾಡಿಯ ನೆನಪಿನಲ್ಲಿ ಉಳಿದಿರುತ್ತದೆ, ಮೆಕಾನಿಕ್ಕನು ಉಪಕರಣವನ್ನು ಜೋಡಿಸಿ ಅದನ್ನು ಓದಬಲ್ಲನು. ಇವೆರಡನ್ನೂ ಮನೆಯಲ್ಲಿ ಆರಿಸುವ ಯೋಚನೆಯನ್ನೇ ಮಾಡಕೂಡದು. ಸ್ಪ್ಯಾನರಿನ ಚಿತ್ರಕ್ಕೂ ಎಲ್ಲೆಡೆ ಒಂದೇ ಅರ್ಥವಿಲ್ಲ. ಫೋರ್ಡ್ ಕಂಪನಿಯ ಹಲವು ಗಾಡಿಗಳಲ್ಲಿ ಆ ಚಿತ್ರವು ಎಂಜಿನ್ ಅಥವಾ ಗೇರುಗಳ ದೋಷವನ್ನೇ ಸೂಚಿಸುತ್ತದೆ. ಆದುದರಿಂದ ಗಾಡಿಯೊಡನೆ ಬಂದ ಕೈಪಿಡಿಯನ್ನು ತೆರೆದು ನೋಡದೆ ಯಾವ ದೀಪವನ್ನೂ ಮುಟ್ಟಬಾರದೆಂಬುದೇ ಮೊದಲನೆಯ ನಿಯಮ.

ಇನ್ನು ದೀಪಕ್ಕೆ ತಿಳಿಯದ ಕೆಲವು ಸಂಗತಿಗಳನ್ನು ಹೇಳುತ್ತೇವೆ. ನಮ್ಮ ಸೀಮೆಯ ಬಾಡಿಗೆ ಗಾಡಿಯು ಬಯಲಿನಲ್ಲಿಯೇ ಓಡುವುದಿಲ್ಲ. ವತ್ತಲಗುಂಡಿನಿಂದ ಕೊಡೈಕಾನಲ್ಲಿಗೆ ಏರುತ್ತದೆ. ಕಂಬದಿಂದ ಕುಮಿಳಿಯ ಘಾಟಿಯನ್ನು ಹತ್ತುತ್ತದೆ. ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ ಹೋಗುತ್ತದೆ. ಏಳು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು, ಕೆಳಗಿನ ಗೇರಿನಲ್ಲಿ ಏದುತ್ತ ಹತ್ತಿದ ಒಂದು ಕಿಲೋಮೀಟರೂ ಹೆದ್ದಾರಿಯಲ್ಲಿ ಹಾಯಾಗಿ ಸಾಗಿದ ಒಂದು ಕಿಲೋಮೀಟರೂ ಎಣಿಕೆಯ ಯಂತ್ರಕ್ಕೆ ಸಮಾನ, ಎಣ್ಣೆಗೆ ಸಮಾನವಲ್ಲ. ಊರೊಳಗೆ ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಎಂದು ಒಂದೊಂದು ಮೈಲಿ ಓಡುವ ಗಾಡಿಗೆ ಇನ್ನೊಂದು ಬಗೆಯ ಕಷ್ಟ. ಎಂಜಿನ್ನು ಪೂರ್ತಿ ಕಾಯುವುದಕ್ಕೆ ಮೊದಲೇ ನಿಲ್ಲುವುದರಿಂದ ನೀರಿನ ಅಂಶವೂ ಸುಡದ ಇಂಧನವೂ ಎಣ್ಣೆಯಲ್ಲಿ ಉಳಿಯುತ್ತವೆ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್.-೬ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದು ಸುಡುವ ಫಿಲ್ಟರು ಇರುತ್ತದೆ. ಗಾಡಿಯು ಸಣ್ಣ ಸಣ್ಣ ದೂರಗಳನ್ನೇ ಓಡುತ್ತಿದ್ದರೆ ಆ ಸುಡುವಿಕೆಯು ಅರ್ಧಕ್ಕೆ ನಿಂತು, ಅದಕ್ಕಾಗಿ ಸುರಿದ ಡೀಸೆಲು ಎಣ್ಣೆಗೆ ಇಳಿಯಬಹುದು. ಆಗ ಅಳತೆಯ ಕಡ್ಡಿಯಲ್ಲಿ ಎಣ್ಣೆಯು ಕಡಿಮೆಯಾಗುವುದರ ಬದಲು ಹೆಚ್ಚಿದಂತೆ ಕಾಣುತ್ತದೆ. ಹೆಚ್ಚಿತೆಂದು ಸಂತೋಷಪಡಬಾರದು; ಅದು ನೀರು ಬೆರೆಸಿದ ಹಾಲಿನಂತೆ. ಘಾಟಿ, ಧೂಳು, ಭಾರ, ಸಣ್ಣ ದೂರ, ಇವುಗಳಲ್ಲಿ ದುಡಿಯುವ ಗಾಡಿಗೆ ಗಡುವನ್ನು ಕಡಿಮೆಮಾಡಬೇಕೆಂದು ಕೈಪಿಡಿಗಳೇ ಹೇಳುತ್ತವೆ. ದೀಪವು ಹೊತ್ತಲೆಂದು ಕಾದುಕುಳಿತವನು ಅಂತಹ ಗಾಡಿಗೆ ತಡಮಾಡಿದವನೇ ಆಗುತ್ತಾನೆ.

ಘಾಟಿಯಿಂದ ಇಳಿಯುವಾಗ ಬ್ರೇಕಿನ ದ್ರವದ ವಿಷಯವೂ ಇದೆ. ಈ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್-೩ ಎಂಬ ದರ್ಜೆಯ ಹೊಸ ದ್ರವವು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿಯು ೧೪೦ಕ್ಕೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದರೆ ಕಾಲು ಎಷ್ಟು ಒತ್ತಿದರೂ ಬ್ರೇಕು ಹಿಡಿಯದು. ಸರ್ವೀಸಿನ ದೀಪವು ‘ಬ್ರೇಕಿನ ದ್ರವ ಹಳೆಯದಾಯಿತು’ ಎಂದು ಬೇರೆಯಾಗಿ ಹೇಳುವುದಿಲ್ಲ. ಎಲ್ಲವನ್ನೂ ಒಂದೇ ಮಿನುಗಿನಲ್ಲಿ ಹೇಳುತ್ತದೆ. ಎಣ್ಣೆಯನ್ನು ಮಾತ್ರ ಬದಲಿಸಿ ದೀಪವನ್ನು ಆರಿಸಿದವನು ಆ ಒಂದು ಮಿನುಗಿನಲ್ಲಿದ್ದ ಉಳಿದ ಮಾತುಗಳನ್ನು ಕೇಳಲಿಲ್ಲವೆಂದೇ ಅರ್ಥ.

ಹಾಗಾದರೆ ಮನೆಯಲ್ಲಿ ಕೆಲಸ ಮಾಡಲೇ ಬಾರದೇ? ನಾವು ಹಾಗೆ ಹೇಳುವವರಲ್ಲ. ೧೯೪೭ರಲ್ಲಿ ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್ ಅವರು ಸ್ಥಾಪಿಸಿದ ಗಾಂಧಿಗ್ರಾಮವು ಇದೇ ಊರಿನ ಮಗ್ಗುಲಲ್ಲಿದೆ. ತನ್ನ ಕೆಲಸವನ್ನು ತಾನು ಮಾಡಿಕೊಳ್ಳುವವನ ಗೌರವವನ್ನು ಈ ನೆಲದಲ್ಲಿ ನಿಂತು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಎಂಜಿನ್ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸುವುದು, ಗಾಳಿಯ ಫಿಲ್ಟರನ್ನು ಬದಲಿಸುವುದು, ಚಕ್ರಗಳ ಗಾಳಿಯನ್ನೂ ಬ್ಯಾಟರಿಯ ತುದಿಗಳನ್ನೂ ತಂಪುನೀರಿನ ಮಟ್ಟವನ್ನೂ ನೋಡುವುದು—ಇವು ಕೈಯಳವಿದ್ದವನು ಮನೆಯಂಗಳದಲ್ಲಿ ಮಾಡಬಹುದಾದ ಕೆಲಸಗಳು. ಬ್ರೇಕು, ಸ್ಟಿಯರಿಂಗು, ಎಂಜಿನ್ನಿನ ಬೆಲ್ಟು, ಏರ್‌ಬ್ಯಾಗು, ವಿದ್ಯುತ್ ಗಾಡಿಯ ದೊಡ್ಡ ಬ್ಯಾಟರಿ, ಇವುಗಳನ್ನು ಬಲ್ಲವರಿಗೆ ಬಿಡಬೇಕು. ಗಾಡಿಯು ಇನ್ನೂ ವಾರಂಟಿಯ ಅವಧಿಯಲ್ಲಿದ್ದರೆ ಅದರ ನಿಬಂಧನೆಗಳನ್ನು ಮೊದಲು ಓದಿಕೊಳ್ಳಬೇಕು. ನೂರು ರೂಪಾಯಿಯ ಉಳಿತಾಯಕ್ಕಾಗಿ ಸಾವಿರಾರು ರೂಪಾಯಿಯ ಭರವಸೆಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಕೆಲಸಕ್ಕೆ ಕೈಯಿಟ್ಟವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಗಾಡಿಯು ಸಮನೆಲದ ಮೇಲಿರಲಿ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಲಿ. ಬರಿಯ ಜಾಕಿಯ ಆಧಾರದ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಜಾಕಿಯು ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕೆ ಇರುವುದಲ್ಲ. ಅದಕ್ಕೆ ಬೇರೆ ಕಬ್ಬಿಣದ ಕಾಲುಗಳು ದೊರೆಯುತ್ತವೆ. ಎಣ್ಣೆಯು ಬೆಚ್ಚಗಿರುವಾಗ ಇಳಿಸಬೇಕು, ಸುಡುವಾಗ ಅಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹೇಳಿದಷ್ಟೇ ಅಳತೆಯಲ್ಲಿ ಹಾಕಬೇಕು. ಅಂಗಡಿಯವನ ಬಳಿ ಇದ್ದುದನ್ನಲ್ಲ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೂ ಹಿತ್ತಿಲಿನ ಮಣ್ಣಿಗೂ ಸುರಿಯಬಾರದು. ಬಾವಿಯ ನೀರನ್ನು ನಂಬಿ ಬಾಳುವ ಊರುಗಳಲ್ಲಿ ಅದು ನೆರೆಯವನ ಕೊಡಕ್ಕೆ ವಿಷ ಹಾಕಿದಂತೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಷೆಡ್ಡಿಗೆ ಕೊಡಬೇಕು.

ಕೆಲಸವು ಮುಗಿದು, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಎಲ್ಲಿಯೂ ಸೋರುವುದಿಲ್ಲವೆಂದು ಕೆಳಗೆ ಬಗ್ಗಿ ನೋಡಿ, ಎಂಜಿನ್ನನ್ನು ನಿಲ್ಲಿಸಿದ ಮೇಲೆ ಅಳತೆಯ ಕಡ್ಡಿಯನ್ನು ಪರೀಕ್ಷಿಸಿ, ಅನಂತರ ದೀಪದ ಕಡೆಗೆ ಬರಬೇಕು. ಅದರ ವಿಧಾನಗಳು ಮುಖ್ಯವಾಗಿ ಮೂರು.

ಮೊದಲನೆಯದು ಗುಂಡಿಯ ವಿಧಾನ. ಹಲವು ಹಳೆಯ ಗಾಡಿಗಳಲ್ಲಿ, ವಿಶೇಷವಾಗಿ ಟೊಯೊಟಾ ಕಂಪನಿಯ ಅನೇಕ ಮಾದರಿಗಳಲ್ಲಿ, ದೂರ ತೋರಿಸುವ ಅಂಕಿಗಳ ಪಕ್ಕದ ಟ್ರಿಪ್ ಗುಂಡಿಯೇ ಇದರ ಕೀಲಿಕೈ. ಬೀಗದ ಕೈಯನ್ನು ತಿರುಗಿಸಿ ಎಲ್ಲವನ್ನೂ ನಿಲ್ಲಿಸಬೇಕು. ಆ ಗುಂಡಿಯನ್ನು ಒತ್ತಿಹಿಡಿದುಕೊಂಡೇ ಕೈಯನ್ನು ‘ಆನ್’ ಎಂಬ ಸ್ಥಾನಕ್ಕೆ ತರಬೇಕು. ಎಂಜಿನ್ನನ್ನು ಚಾಲೂ ಮಾಡಕೂಡದು. ಕೆಲವು ಕ್ಷಣ ಹಾಗೆಯೇ ಹಿಡಿದಿದ್ದರೆ ಅಂಕಿಗಳು ಸೊನ್ನೆಗೆ ಬಂದು ದೀಪವು ಆರುತ್ತದೆ. ಬೀಗದ ಕೈಯಿಲ್ಲದೆ ಗುಂಡಿಯನ್ನೊತ್ತಿ ಚಾಲೂ ಮಾಡುವ ಗಾಡಿಗಳಲ್ಲಿ, ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ತುಳಿಯದೆ ಆ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಎಂಜಿನ್ನು ಹೊರಡದೆ ‘ಆನ್’ ಸ್ಥಿತಿಯು ಬರುತ್ತದೆ.

ಎರಡನೆಯದು ಪರದೆಯ ವಿಧಾನ. ಈಚಿನ ಗಾಡಿಗಳಲ್ಲಿ ಸ್ಟಿಯರಿಂಗಿನ ಮೇಲಿರುವ ಗುಂಡಿಗಳಿಂದ ಪರದೆಯ ಪಟ್ಟಿಗಳನ್ನು ತಿರುವುತ್ತ ಹೋಗಿ, ಸರ್ವೀಸ್ ಎಂಬ ಶೀರ್ಷಿಕೆಯ ಕೆಳಗಿರುವ ‘ರೀಸೆಟ್’ ಎಂಬುದನ್ನು ಆರಿಸಿ, ‘ಓಕೆ’ ಗುಂಡಿಯನ್ನು ಒತ್ತಿಹಿಡಿಯಬೇಕು. ಗಾಡಿಯು ನಿಂತಿರುವಾಗಲೇ ಇದನ್ನು ಮಾಡತಕ್ಕದ್ದು.

ಮೂರನೆಯದು ಉಪಕರಣದ ವಿಧಾನ. ಕೆಲವು ಗಾಡಿಗಳಲ್ಲಿ ಸ್ಟಿಯರಿಂಗಿನ ಕೆಳಗಿರುವ ಹದಿನಾರು ಕಿಂಡಿಗಳ ಪ್ಲಗ್ಗಿಗೆ ಪರೀಕ್ಷಕ ಯಂತ್ರವನ್ನು ಜೋಡಿಸಿದ ಹೊರತು ಎಣಿಕೆಯು ಸೊನ್ನೆಯಾಗದು. ಅಂತಹ ಗಾಡಿಯನ್ನು ಷೆಡ್ಡಿಗೆ ಒಯ್ಯುವುದೇ ಮೇಲು. ಬ್ಯಾಟರಿಯ ತಂತಿಯನ್ನು ಕಳಚಿದರೆ ದೀಪವು ಆರುತ್ತದೆಂದು ಕೆಲವರು ಹೇಳುವುದುಂಟು. ಈಗಿನ ಬಹುಪಾಲು ಗಾಡಿಗಳಲ್ಲಿ ಇದು ನಡೆಯದು. ಎಣಿಕೆಯು ವಿದ್ಯುತ್ತಿಲ್ಲದೆಯೂ ಅಳಿಯದ ನೆನಪಿನಲ್ಲಿರುತ್ತದೆ. ಹೋಗುವುದು ಗಡಿಯಾರದ ಸಮಯ, ರೇಡಿಯೋದ ಜೋಡಣೆ ಮೊದಲಾದವು. ಗಾಡಿಯು ಒಟ್ಟು ಓಡಿದ ದೂರವನ್ನು ತೋರಿಸುವ ಓಡೋಮೀಟರು ಈ ಎಣಿಕೆಯಿಂದ ಬೇರೆ ಎಂಬುದನ್ನೂ ನೆನಪಿನಲ್ಲಿಡಬೇಕು. ಸರ್ವೀಸಿನ ಎಣಿಕೆಯನ್ನು ಸೊನ್ನೆ ಮಾಡುವುದು ಒಡೆಯನ ಹಕ್ಕು. ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವುದು ವಂಚನೆ.

ಕೆಲಸ ಮಾಡದೆ ದೀಪವನ್ನು ಮಾತ್ರ ಆರಿಸಿದರೆ ಏನಾದೀತು ಎಂಬುದಕ್ಕೆ ನಮ್ಮ ಕರ್ನಾಟಕದಲ್ಲಿಯೇ ತಯಾರಾದ ಗಾಡಿಯೊಂದನ್ನು ನಿದರ್ಶನವಾಗಿ ಕೊಡುತ್ತೇವೆ. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. ೨೦೦೫ರಲ್ಲಿ ಅಲ್ಲಿಂದ ಹೊರಬಂದ ಇನ್ನೋವಾ ಗಾಡಿಯು ದಕ್ಷಿಣ ದೇಶದ ಬಾಡಿಗೆ ವಾಹನಗಳಲ್ಲಿಯೇ ಹೆಸರಾಯಿತು; ಇಲ್ಲಿಯ ಮದುವೆಯ ದಿಬ್ಬಣಗಳಲ್ಲಿಯೂ ಅದನ್ನು ತಾವು ಕಂಡಿದ್ದೀರಿ. ೨೦೧೬ರಲ್ಲಿ ಅದರ ಸ್ಥಾನಕ್ಕೆ ಕ್ರಿಸ್ಟಾ ಎಂಬ ಮಾದರಿಯು ಬಂದಿತು. ಮೊದಲಿನ ಇನ್ನೋವಾದ ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನಿನಲ್ಲಿ ಕವಾಟಗಳನ್ನು ಕಾಲಕ್ಕೆ ಸರಿಯಾಗಿ ತೆರೆದು ಮುಚ್ಚಿಸುವುದು ಒಂದು ಹಲ್ಲಿನ ಬೆಲ್ಟು. ಈ ಬೆಲ್ಟನ್ನು ಬದಲಿಸುವ ಕಾಲವನ್ನು ಸಾರುವುದಕ್ಕಾಗಿಯೇ ‘ಟಿ-ಬೆಲ್ಟ್’ ಎಂಬ ಬೇರೊಂದು ದೀಪವುಂಟು. ಮಾದರಿಗೆ ತಕ್ಕಂತೆ ಒಂದು ಲಕ್ಷ ಅಥವಾ ಒಂದೂವರೆ ಲಕ್ಷ ಕಿಲೋಮೀಟರಿಗೆ ಅದು ಹೊತ್ತಿಕೊಳ್ಳುತ್ತದೆ. ಆ ದೀಪವನ್ನೂ ಗುಂಡಿಯಿಂದ ಸೊನ್ನೆಗೆ ತರಬಹುದು. ಆದರೆ ಸವೆದ ಬೆಲ್ಟು ಸೊನ್ನೆಗೆ ಬರುವುದಿಲ್ಲ. ಒಂದು ದಿನ ಅದು ತುಂಡಾದರೆ ಮೇಲೆ ಹೋಗುತ್ತಿರುವ ಪಿಸ್ಟನ್ನು, ತೆರೆದೇ ಉಳಿದ ಕವಾಟಗಳಿಗೆ ಬಡಿಯುತ್ತದೆ, ಕವಾಟಗಳು ಬಾಗುತ್ತವೆ, ಕ್ಷಣದಲ್ಲಿ ಎಂಜಿನ್ನು ನಿಲ್ಲುತ್ತದೆ. ಎಂಜಿನ್ನು ನಿಂತೊಡನೆ ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುತ್ತಿದ್ದ ಸಹಾಯವು ಕುಂದಿ, ಎರಡೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ಇದು ಅಂಗಳದಲ್ಲಿ ಆದರೆ ಹಣ ಹೋದೀತು. ಘಾಟಿಯ ತಿರುವಿನಲ್ಲಿ ಆದರೆ ಹೋಗುವುದು ಹಣ ಮಾತ್ರವಲ್ಲ.

ಇಲ್ಲಿ ನಾವು ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಊರುಗಳ ಬಾಡಿಗೆ ಗಾಡಿಗಳಲ್ಲಿ ಎಷ್ಟೋ ಕಡೆ ಒಡೆಯನು ಒಬ್ಬ, ಓಡಿಸುವವನು ಇನ್ನೊಬ್ಬ. ‘ಯಜಮಾನರೇ, ಸರ್ವೀಸಿಗೆ ಬಿಡಬೇಕು’ ಎಂದು ಚಾಲಕನು ಹೇಳಿದಾಗ, ‘ಈ ಮುಹೂರ್ತಗಳು ಕಳೆಯಲಿ, ನೋಡೋಣ’ ಎಂಬ ಉತ್ತರ ಬರುವುದು ಅಪರೂಪವಲ್ಲ. ಮದುವೆಯ ಕಾಲದಲ್ಲಿ ಒಂದು ದಿನ ಗಾಡಿ ನಿಂತರೆ ಒಂದು ದಿನದ ಸಂಪಾದನೆ ಹೋಯಿತೆಂಬುದು ನಮಗೂ ತಿಳಿದ ಸಂಗತಿ. ಆದರೆ ಆ ಚಾಲಕನ ಪರವಾಗಿ ಸಾಕ್ಷಿ ಹೇಳುವುದು ಗಾಡಿಯಲ್ಲಿ ಆ ಒಂದು ದೀಪ ಮಾತ್ರ. ಅದನ್ನು ಸುಮ್ಮನೆ ಆರಿಸಿ ಕೈಯನ್ನು ಅವನಿಗೆ ಕೊಟ್ಟರೆ, ನಾವು ಸಾಕ್ಷಿಯ ಬಾಯಿ ಮುಚ್ಚಿಸಿದಂತಾಗುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಮದುಮಕ್ಕಳಿಗಾಗಲಿ ಅವರ ಅಜ್ಜಿಗಾಗಲಿ ಅಲ್ಲೊಂದು ದೀಪವಿತ್ತೆಂಬುದು ತಿಳಿಯುವ ಬಗೆಯಿಲ್ಲ. ಅವರು ನಂಬಿದ್ದು ನಮ್ಮನ್ನು.

ಹಳೆಯ ಗಾಡಿಯನ್ನು ಕೊಳ್ಳುವವರ ಪಾಡೂ ಇದೇ. ಮಾರುವ ದಿನ ದೀಪವು ಆರಿರುವುದು ಯಾವುದಕ್ಕೂ ಪ್ರಮಾಣವಲ್ಲ. ಆರಿಸಲು ಹತ್ತು ಕ್ಷಣ ಸಾಕೆಂದು ಈಗ ತಾವೇ ಕೇಳಿದಿರಿ. ಕೂಡಿಟ್ಟ ಹಣದಿಂದ ಮೊದಲ ಗಾಡಿಯನ್ನು ಕೊಳ್ಳುವ ಕುಟುಂಬವು ದೀಪವನ್ನು ನೋಡಬಾರದು, ಬರಹವನ್ನು ಕೇಳಬೇಕು: ಯಾವ ತಾರೀಖು, ಎಷ್ಟು ಕಿಲೋಮೀಟರಿನಲ್ಲಿ, ಏನನ್ನು ಬದಲಿಸಿದರು, ರಸೀದಿ ಎಲ್ಲಿದೆ? ಕಂಪನಿಯ ಷೆಡ್ಡಿನಲ್ಲಿ ಸರ್ವೀಸಾಗಿದ್ದರೆ ಅದರ ದಾಖಲೆಯನ್ನು ತೋರಿಸುವಂತೆ ಮಾರುವವನನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಒಳ್ಳೆಯ ಮಾರಾಟಗಾರನು ಅದನ್ನು ಸಂತೋಷದಿಂದ ತೋರಿಸುತ್ತಾನೆ.

ಈ ಬರಹದ ವಿಷಯದಲ್ಲಿ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಒಪ್ಪಿಸುತ್ತೇವೆ. ಗಾಡಿಯ ಕೈಪಿಡಿಯು ಇಂಗ್ಲಿಷಿನಲ್ಲಿರುತ್ತದೆ. ದೀಪದ ಬರಹವೂ ಇಂಗ್ಲಿಷಿನದು. ಮನೆಯ ಹಿರಿಯರು ಕನ್ನಡದಲ್ಲಿ ಯೋಚಿಸುತ್ತಾರೆ. ಮೆಕಾನಿಕ್ಕನು ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಈ ಮೂರರ ನಡುವೆ ಸೇತುವೆಯಾಗಬಲ್ಲವರು ಓದಿದ ಮಕ್ಕಳು. ಒಂದು ಭಾನುವಾರ ಕುಳಿತು ಕೈಪಿಡಿಯ ಸರ್ವೀಸಿನ ಪಟ್ಟಿಯನ್ನು ಓದಿ, ತಂದೆಗೋ ಸೋದರಮಾವನಿಗೋ ಕನ್ನಡದಲ್ಲಿ ವಿವರಿಸಿರಿ. ಇಪ್ಪತ್ತು ರೂಪಾಯಿಯ ಒಂದು ನೋಟುಪುಸ್ತಕವನ್ನು ಗಾಡಿಯ ಪೆಟ್ಟಿಗೆಯಲ್ಲಿಟ್ಟು ಅದರಲ್ಲಿ ಐದು ಅಂಕಣಗಳನ್ನು ಗೀರಿರಿ: ತಾರೀಖು, ಕಿಲೋಮೀಟರು, ಮಾಡಿದ ಕೆಲಸ, ಮಾಡಿದವರ ಹೆಸರು, ಮುಂದಿನ ಗಡುವು. ಬ್ರೇಕಿನ ದ್ರವಕ್ಕೂ ಬೆಲ್ಟಿಗೂ ಒಂದೊಂದು ಪುಟವನ್ನು ಬೇರೆಯಾಗಿ ಬಿಡಿರಿ. ದೀಪವು ಹೇಳದೆ ಬಿಟ್ಟುದನ್ನೆಲ್ಲ ಈ ಪುಸ್ತಕವು ಹೇಳುತ್ತದೆ. ಶಾಲೆಯ ವಿದ್ಯೆಯು ಮನೆಗೆ ಬಂದಿತೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಾಗಿಲ್ಲ. ನಮ್ಮ ನುಡಿಯು ಹಾಡಿಗೆ, ಪೂಜೆಗೆ, ಅಡಿಗೆಮನೆಗೆ ಮಾತ್ರ ಮೀಸಲಾಗಿ ಉಳಿಯದೆ ಎಂಜಿನ್ನಿನ ಲೆಕ್ಕವನ್ನೂ ಬರೆಯಬಲ್ಲದೆಂದು ತೋರಿಸುವವರು ನೀವೇ.

ಮುಗಿಸುವ ಮುನ್ನ ಹೇಳಿದುದನ್ನು ಕೂಡಿಸಿ ಹೇಳುತ್ತೇವೆ. ಯಾವ ದೀಪವೆಂದು ಮೊದಲು ಕೈಪಿಡಿಯಲ್ಲಿ ನೋಡಿರಿ. ಕೆಂಪು ದೀಪವಾದರೆ ಗಾಡಿಯನ್ನು ನಿಲ್ಲಿಸಿರಿ. ಸರ್ವೀಸಿನ ದೀಪವಾದರೆ ಪಟ್ಟಿಯಲ್ಲಿರುವ ಕೆಲಸಗಳಲ್ಲಿ ಕೈಯಳವಿರುವುದನ್ನು ನೀವು ಮಾಡಿರಿ, ಉಳಿದುದನ್ನು ಬಲ್ಲವರಿಂದ ಮಾಡಿಸಿರಿ. ಮಾಡಿದುದನ್ನು ಬರೆಯಿರಿ. ಅನಂತರ ಗುಂಡಿಯನ್ನೊತ್ತಿ ಎಣಿಕೆಯನ್ನು ಸೊನ್ನೆಗೆ ತನ್ನಿರಿ. ಈ ಕ್ರಮದಲ್ಲಿ ನಡೆದರೆ ಯಾರ ಅಪ್ಪಣೆಯನ್ನೂ ಕೇಳದೆ ಮನೆಯಲ್ಲಿಯೇ ಅದನ್ನು ಮಾಡಬಹುದು. ಕ್ರಮವನ್ನು ತಲೆಕೆಳಗು ಮಾಡಿದರೆ, ಎಷ್ಟು ದೊಡ್ಡ ಷೆಡ್ಡಿನಲ್ಲಿ ಮಾಡಿಸಿದರೂ ಅದು ಬರಿಯ ಕತ್ತಲೆ. ಘಾಟಿಯ ದಾರಿಯಲ್ಲಿ ನಮ್ಮವರೂ ಪರರೂ ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಮರಳಲೆಂದು ಹಾರೈಸುತ್ತೇವೆ.